ಹುಲ್ಲಿಗೆ ಹಾವ ಬರ್ತಾವ

ಹುಲ್ಲಿದ್ದ ಅಂಗಳಕ್ಕೆ ಹಾವು ಬರುತ್ತದೆ, ಫರಸಿ ಕಲ್ಲು ಹಾಸಿದ ಅಂಗಳಕ್ಕೆ ಬರುವುದಿಲ್ಲ. ಜತ್ತದ ನಮ್ಮ ಕಾಲೋನಿಯಲ್ಲಿ ಇದನ್ನು ನಂಬದವರು ಇರಲಿಲ್ಲ, ನನ್ನನ್ನು ಬಿಟ್ಟರೆ. ನಾನು ಕೊಲ್ಹಾಪುರದಲ್ಲಿ ಸಸ್ಯಶಾಸ್ತ್ರ ಓದಿ ಎಂ.ಎಸ್ಸಿ. ಮುಗಿಸಿ ಬಂದವಳು, ಜನರ ಮನೆಯಂಗಳದಲ್ಲಿ ಹುಲ್ಲು ಬೆಳೆಸಿ, ಕತ್ತರಿಸಿ, ನೋಡಿಕೊಳ್ಳುವುದು ನನ್ನ ಧಂದೆ. ಸೊರಡಿ ಹಳ್ಳಿಯ ನಮ್ಮ ಹಿರಿಯರು ಕುರಿಗಳ ಹಿಂದೆ ಹುಲ್ಲು ಹುಡುಕುತ್ತ ಅಲೆದರು. ನಾನು ಹುಲ್ಲನ್ನೇ ಮನೆಬಾಗಿಲಿಗೆ ತರುತ್ತೇನೆ. ಇಂಥ ಕೆಲಸಕ್ಕೆ ಕೈಹಾಕಿದವಳು ನಗೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅದೇ ವಿಳಾಸ ಕೇಳಿಕೊಂಡು ಬರುತ್ತದೆ.

ಲಾನ್

ಮೊದಲು ಬೋರ್ಡು ಬರೆಸಿದೆ: ‘ಇಲ್ಲಿ ಲಾನ್ ವ್ಯವಸ್ಥೆ ಮಾಡಿಕೊಡಲಾಗುವುದು.’ ನಮ್ಮ ಕಡೆ ಲಾನ್ ಅಂದರೆ ಮದುವೆ ಮಾಡುವ ಜಾಗ ಎಂಬುದು ಪೇಂಟರನಿಗೂ ಗೊತ್ತಿತ್ತು, ಅವನು ಹೇಳಲಿಲ್ಲ. ಉಮದಿಯಿಂದ ಒಬ್ಬ ಯಜಮಾನರು ಬಂದು ಕುಂತರು.

“ನಿಮ್ಮ ಲಾನಿನ್ಯಾಗ ಎಷ್ಟ ಮಂದಿ ಕುಂದರ್ತಾರ್ರಿ?”

“ಕುಂದ್ರಾಕ ಅಲ್ರಿ. ನಮ್ಮಲ್ಲಿ ಹುಲ್ಲ ಸಿಗತೈತಿ.”

“ಊಟಕ್ಕ?”

“ಊಟ ಇಲ್ರಿ, ಬರೇ ಹುಲ್ಲು.”

ಯಜಮಾನರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. ವಿಚಾರ ಮಾಡಿ ಹೇಳಿದರು: “ನಮ್ಮ ಮಂದಿ ಒಪ್ಪೂದಿಲ್ಲ. ಬೀಗರ ಕಡಿ ಮಂದಿಗಾದ್ರ ನಡೀತೈತಿ.”

ಕಳೆ

ಬೋರ್ಡು ಅಳಿಸಿ ಮತ್ತೆ ಬರೆಸಿದೆ. ಈ ಸಲ ಶುದ್ಧ ಕನ್ನಡ: ‘ನಿಮ್ಮ ಮನೆಯ ಕಳೆ ತೆಗೆದುಕೊಡುತ್ತೇವೆ.’ ಪುಸ್ತಕದಲ್ಲಿ ಕಳೆ ಅಂದರೆ ಬೇಡದ ಗಿಡ. ನಮ್ಮ ಓಣಿಯಲ್ಲಿ ಕಳೆ ಅಂದರೆ ಮುಖದ ಮೇಲಿನ ಲಕ್ಷಣ, ಮನೆಯ ಶೋಭೆ. ಕಿರಾಣಿ ವ್ಯಾಪಾರಿಯೊಬ್ಬರ ತಾಯಿ ಬೋರ್ಡು ಓದಿ ನೆಟ್ಟಗೆ ಒಳಗೆ ಬಂದರು. ಅವರನ್ನು ಎಲ್ಲರೂ ಆಯಿ ಅನ್ನುತ್ತಾರೆ.

“ಯಾವಾಕಿ ಆಕಿ, ಮನಿ ಕಳಿ ತಗಿಯಾಕಿ? ಮೊನ್ನಿ ಬಣ್ಣಾ ಹಚ್ಚಿ ಈಗರೆ ನಮ್ಮ ಮನಿಗೆ ಕಳಿ ಬಂದೈತಿ!”

“ಆಯಿ, ಕಳೆ ಅಂದ್ರ ಅಂಗಳದಾಗಿನ ಕಸಾ.”

“ಹಂಗಾರ ಕಸಾ ಅಂತ ಬರಿ. ಕಸಕ್ಕ ಕಳಿ ಅನ್ನೂದನ್ನ ಕಲಿಯಾಕ ಕೊಲ್ಹಾಪುರಕ್ಕ ಹೋಗಿದ್ದೇನು?”

ನಾನು ಸೋಲಲಿಲ್ಲ, ಆದರೆ ‘ಕಸ ತೆಗೆಯುತ್ತೇವೆ’ ಎಂದು ಬರೆಸಿದೆ. ಮರುದಿನ ಮುಂಜಾನೆ ಓಣಿಯವರೆಲ್ಲ ತಮ್ಮ ಅಡುಗೆಮನೆಯ ಡಬ್ಬಿಗಳನ್ನು ತಂದು ನನ್ನ ಬಾಗಿಲಿಗೆ ಸಾಲಾಗಿ ಇಟ್ಟಿದ್ದರು.

ಸಣ್ಣ ಹಾವು

ಬೈದ ಆಯಿಯೇ ನನಗೆ ಮೊದಲ ಕೆಲಸ ಕೊಟ್ಟರು. ಅವರಿಗೆ ಬೇಕಾದದ್ದು ಇಷ್ಟೇ. ಅಂಗಳದ ಮೂಲೆಯಲ್ಲಿ ಬಿಲ್ವಪತ್ರಿ ಗಿಡವಿದೆ. ಪೂಜೆಗೆ ಪತ್ರಿ ಹರಿಯಲು ಬರಿಗಾಲಲ್ಲೇ ಹೋಗಬೇಕು. ಬ್ಯಾಸಗಿಯಲ್ಲಿ ಕಾಲು ಸುಡಬಾರದು. ನಾನು ಕರಿಕೆ ಹುಲ್ಲು ಹಚ್ಚಿದೆ, ಮನೆಯ ಜಳಕದ ನೀರನ್ನು ಅದಕ್ಕೆ ತಿರುಗಿಸಿದೆ. ಹಸಿರು ಹಬ್ಬಿತು. ಆಯಿ ಪತ್ರಿ ಹರಿಯಲು ಹೋದವರು ತಿರುಗಿ ಬರುವುದಕ್ಕೆ ಬಹಳ ಹೊತ್ತು ಹಿಡಿಯತೊಡಗಿತು.

ಪಕ್ಕದ ಮನೆಯಲ್ಲಿ ನಿವೃತ್ತ ತಲಾಠಿಯವರಿದ್ದಾರೆ. ಜೀವಮಾನವಿಡೀ ಊರ ಲೆಕ್ಕಿಗರಾಗಿ ಮಂದಿಯ ಜಮೀನು ನೋಡಿದವರು, ಈಗ ಮಂದಿಯ ಅಂಗಳ ನೋಡುತ್ತಾರೆ. ಅವರ ಅಂಗಳದ ತುಂಬ ಫರಸಿ. ಅವರನ್ನು ನೋಡಿಯೇ ಕಾಲೋನಿಯೆಲ್ಲ ಫರಸಿ ಹಾಸಿತ್ತು. ಒಂದು ದಿನ ಅವರು ಗೋಡೆಯ ಮೇಲಿಂದ ಕತ್ತು ಚಾಚಿದರು.

“ಏನವಾ ಎಂ.ಎಸ್ಸಿ., ಹುಲ್ಲಿಗೆ ಹಾವ ಬರ್ತಾವ.”

“ಹುಲ್ಲು ಬೆರಳೆತ್ತರಾನೂ ಇಲ್ಲರಿ. ಇದರಾಗ ಹಾವು ಹೆಂಗ ಅಡಗತೈತಿ?”

“ಸಣ್ಣ ಹಾವ ಬರ್ತೈತಿ.”

“ಹುಲ್ಲು ತಿನ್ನೂ ಹಾವಿನ ಬಗ್ಗೆ ನಾನಂತೂ ಓದಿಲ್ಲ.”

“ನೀ ಓದಿದ್ದು ಗಿಡಾ. ಹಾವಿನ ವಿಷಯ ಹಾವಿಗೆ ಗೊತ್ತು, ನನಗ ಗೊತ್ತು.”

ಇಂಥ ಜ್ಞಾನದ ಎದುರು ಯಾವ ವಿಶ್ವವಿದ್ಯಾಲಯವೂ ನಿಲ್ಲುವುದಿಲ್ಲ. ಆಯಿಯ ಮಗ ಅಂಜಿದರು. ಮನೆಯಲ್ಲಿ ಅಂಬೆಗಾಲಿಡುವ ಕೂಸಿದೆ. ಹುಲ್ಲು ಕಿತ್ತು ಫರಸಿ ಹಾಸುವುದೆಂದು ನಿಶ್ಚಯ ಮಾಡಿ ಕಲ್ಲು ತರಲು ಟ್ರ್ಯಾಕ್ಟರಿಗೆ ಹೇಳಿಬಿಟ್ಟರು.

“ಕಾಲ ಸುಡತಾವಲ್ಲೋ,” ಅಂದರು ಆಯಿ.

“ಚಪ್ಪಲ್ ಹಾಕ್ಕೋಬೇ.”

“ಚಪ್ಪಲ್ ಮೆಟ್ಟಿ ಪತ್ರಿ ಹರಿಲೇನು? ಮುಂದ ಹೆಲ್ಮೆಟ್ ಹಾಕ್ಕೊಂಡ ಪೂಜಿ ಮಾಡ ಅಂತೀಯೇನು?”

ನೆಲದ ಮೇಲೆ

ಫರಸಿ ಬರುವ ದಿನ ನಾನು ಬೇಕೆಂತಲೇ ಯಂತ್ರ ತೆಗೆದುಕೊಂಡು ಹೋಗಿ ಹುಲ್ಲು ಕತ್ತರಿಸತೊಡಗಿದೆ. “ಇವತ್ತ ಕೀಳೂದು, ಮತ್ಯಾಕ ಕಟಿಂಗ್?” ಎಂದು ಮಗ ಕೇಳಿದರು. “ಕೀಳೂ ತನಕ ಇದು ನನ್ನ ಹುಲ್ಲು. ಗಡ್ಡಾ ಬಿಟ್ಟು ಕಳಸೂದಿಲ್ಲ,” ಅಂದೆ.

ಟ್ರ್ಯಾಕ್ಟರ್ ಬಂದು ಗೇಟಿಗೆ ನಿಂತಿತು. ಅದೇ ಹೊತ್ತಿಗೆ ಪಕ್ಕದ ಮನೆಯಲ್ಲಿ ಕೂಗೆದ್ದಿತು: “ಹಾವು! ಹಾವು!” ತಲಾಠಿಯವರು ಧೋತರದ ಚುಂಗು ಹಿಡಿದುಕೊಂಡು ಗೋಡೆ ಹಾರಿದರು. ಅವರ ಮನೆಯವರು ಗೇಟು ಸುತ್ತಿ ಬಂದರು. ಎಲ್ಲರೂ ಬಂದು ನಿಂತದ್ದು ನನ್ನ ಹುಲ್ಲಿನ ನಟ್ಟನಡುವೆ.

“ಹುಲ್ಲಿನಾಗ ಯಾಕ ನಿಂತೀರಿ? ಹಾವ ಬರ್ತಾವ,” ಅಂದೆ.

“ಇಲ್ಲಿ ನೆಲಾ ಚಲೋ ಕಾಣತೈತಿ,” ಅಂದರು ತಲಾಠಿ, ಒಂದು ಕಾಲು ಮೇಲೆತ್ತಿಕೊಂಡೇ.

ಆಯಿ ಬಾಗಿಲಲ್ಲಿ ಕಾಣಿಸಿಕೊಂಡರು. “ಬರ್ರಿ, ಕುಂದ್ರಿ. ಚಪ್ಪಲ್ ಮಾತ್ರ ಗೇಟಿನ್ಯಾಗ ಬಿಟ್ಟ ಬರ್ರಿ.”

ಯಾರೋ ಫೋನು ಮಾಡಿದ್ದರಿಂದ ಹಾವು ಹಿಡಿಯುವ ಸರ್ಪಮಿತ್ರ ಕೊಕ್ಕೆ, ಚೀಲ ಹಿಡಿದು ಬಂದು ತಲಾಠಿಯವರ ಅಂಗಳಕ್ಕೆ ಹೋದ. ಇತ್ತ ತಲಾಠಿಯವರಿಗೆ ಉಸಿರು ಮರಳಿತು, ಉಸಿರಿನ ಜೊತೆ ಸಿದ್ಧಾಂತವೂ ಮರಳಿತು.

“ನಾ ಹೇಳಿದ್ನೋ ಇಲ್ಲೋ? ಈ ಹುಲ್ಲಿನಾಗಿಂದನ ನಮ್ಮ ಮನಿಗೆ ಬಂದೈತಿ. ಲಗೂನ ಕಿತ್ತ ಒಗಸ್ರಿ!”

ಅವರು ಇದನ್ನು ಹುಲ್ಲಿನ ಮೇಲೆ ನಿಂತೇ ಹೇಳಿದರು. ಮಗ ಹೌದೆಂದು ತಲೆಯಾಡಿಸಿ ಟ್ರ್ಯಾಕ್ಟರಿನ ಆಳುಗಳಿಗೆ ಸನ್ನೆ ಮಾಡಿದರು. ಗುದ್ದಲಿಗಳು ಕೆಳಗಿಳಿದವು. ಆಯಿ ಸೀರೆ ಸರಿಮಾಡಿಕೊಂಡು ಹೋಗಿ ಕರಿಕೆಯ ಮೇಲೆ ಕಾಲು ಚಾಚಿ ಕುಂತರು.

“ಮೊದಲ ನನ್ನ ಎತ್ತ್ರಿ. ಆಮ್ಯಾಲ ಹುಲ್ಲ ಎತ್ತ್ರಿ.”

ನಾನೂ ಯಂತ್ರ ಬಂದ್ ಮಾಡಿ ಪಕ್ಕದಲ್ಲಿ ಕುಂತೆ. ಆಳುಗಳು ಮಾಲಕರ ಮುಖ ನೋಡಿದರು, ಮಾಲಕರು ತಲಾಠಿಯವರ ಮುಖ ನೋಡಿದರು. ಅಷ್ಟರಲ್ಲಿ ಗೋಡೆಯಾಚೆಯಿಂದ ಸರ್ಪಮಿತ್ರ ಕೂಗಿದ:

“ಕಾಕಾ, ಒಂದ ಫರಸಿ ಎತ್ತೀನ್ರಿ. ಇನ್ನೂ ನಾಕ ಎತ್ತಬೇಕಾಗತೈತಿ, ನಡೀತೈತೇನ್ರಿ?”

ಎಲ್ಲರೂ ಗೋಡೆಗೆ ಹೋಗಿ ಇಣುಕಿದರು. ಆಯಿ ಮಾತ್ರ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಮಗ ತಿರುಗಿ ಬಂದು, ಯಾರ ಮುಖವನ್ನೂ ನೋಡದೆ, ಟ್ರ್ಯಾಕ್ಟರಿನವನಿಗೆ ಗಾಡಿ ತಿರುಗಿಸಲು ಹೇಳಿದರು.

ನಾಗರಹಾವು ಮೊಟ್ಟೆ ಇಟ್ಟದ್ದು ಫರಸಿಯ ಕೆಳಗೆ.