ಹೊಸ ವಿಶೇಷಾಂಕದ ಸಿಡಿಲಣ್ಣನಿಗೆ ಗುಂಡಿಯೇ ಇಲ್ಲ!

ಟೈಲರ್ ಮಹಾಶಯರಿಗೆ ಸಿಟ್ಟು ಬರುವುದು ಅಪರೂಪ. ಬಂತೋ, ಕನ್ನಡಕದ ಗಾಜಿಗೆ ಹಬೆ ಹಿಡಿಯುತ್ತದೆ. ಆವತ್ತು ಬೆಳಗಿನಿಂದ ಅವರು ಮೂರು ಸಲ ಕನ್ನಡಕ ಒರೆಸಿಕೊಂಡಿದ್ದರು.

ಸಿಟ್ಟಿಗೆ ಕಾರಣ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಿರಮಿರ ಮಿಂಚುತ್ತ ಬಿದ್ದಿದ್ದ ‘ಸಿಡಿಲಣ್ಣ’ ಚಿತ್ರಕಥೆಯ ಹೊಚ್ಚಹೊಸ ವಿಶೇಷಾಂಕ. ಪುಸ್ತಕದಂಗಡಿಯ ಯಜಮಾನರು ತಂದುಕೊಟ್ಟು, “ಟೈಲರ್ರೇ, ನಾಳೆ ಇದರ ಬಿಡುಗಡೆ. ನಮ್ಮ ಕೆಲಸದವನು ಸಿಡಿಲಣ್ಣನ ವೇಷದಲ್ಲಿ ಬಾಗಿಲಲ್ಲಿ ನಿಲ್ಬೇಕು. ಮುಖಪುಟದಲ್ಲಿ ಹೆಂಗಿದೆಯೋ ಹಂಗೇ ಹೊಲೀರಿ. ಅವನು ನಿಮ್ಮ ಮೈಕಟ್ಟಿನವನೇ, ನಿಮ್ಮ ಅಳತೆಗೇ ಆಗ್ಲಿ. ಸಂಜೆ ಬರ್ತೀನಿ” ಎಂದು ಹೋಗಿದ್ದರು.

ಹೇಳಿದ್ದು ಯಾರಿಗೆ? ಸಿಡಿಲಣ್ಣನ ಹಳೆಯ ವಿಶೇಷಾಂಕಗಳನ್ನು ಚಿಕ್ಕಂದಿನಿಂದ ಟ್ರಂಕಿನಲ್ಲಿ ಜೋಪಾನ ಮಾಡಿ, ಆ ಟ್ರಂಕನ್ನು ಹೆಂಡತಿಯ ಹೊಲಿಗೆ ಯಂತ್ರದ ಕೆಳಗೆ ಪ್ರತಿಷ್ಠಾಪಿಸಿದ ಮಹಾಭಕ್ತರಿಗೆ! (ಆ ಟ್ರಂಕಿನಿಂದಾಗಿ ಹೆಂಡತಿ ಕಾಲು ಚಾಚಲಾಗದೆ ಕೊಕ್ಕರೆಯಂತೆ ಮುದುಡಿ ಕೂತು ಯಂತ್ರ ತುಳಿಯುತ್ತಿದ್ದಳು. ಭಕ್ತರಿಗೆ ಅದೆಲ್ಲ ಕಾಣುವುದಿಲ್ಲ.)

“ನೋಡೇ ಇಲ್ಲಿ,” ಟೈಲರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟರು. “ಹಳೇ ಸಿಡಿಲಣ್ಣ! ಕಾಲರ್ ನೋಡು, ಎದೆ ಮೇಲೆ ಗುಂಡಿ ನೋಡು, ಮೇಲ್ಹೊದಿಕೆಗೆ ಅಂಚು ಮಡಚಿ ಹೊಲಿದಿರೋ ಅಂದ ನೋಡು. ಚಿತ್ರ ಬರೆದವನಿಗೆ ಹೊಲಿಗೆ ಗೊತ್ತಿತ್ತು. ಈ ಹೊಸಬನ್ನ ನೋಡು, ಮೈಗೆ ಬಣ್ಣ ಸುರಿದ ಹಾಗಿದಾನೆ. ಗುಂಡಿಯಿಲ್ಲ, ಕೊಕ್ಕೆಯಿಲ್ಲ, ಲಾಡಿಯಿಲ್ಲ. ಇವನು ಬಟ್ಟೆಯೊಳಗೆ ಹೋದದ್ದೆಲ್ಲಿಂದ?”

“ಹೋಗಿದಾನಲ್ಲ, ಎಲ್ಲಿಂದಾದ್ರೆ ನಿಮಗೇನು? ಎಳೆದ್ರೆ ಹಿಗ್ಗೋ ಬಟ್ಟೆ ಇರ್ಬೇಕು.”

“ಇದನ್ನ ಯಾವ ನರಮನುಷ್ಯನಿಗೂ ಹಾಕ್ಕೊಳ್ಳೋಕಾಗಲ್ಲ!”

“ಹಾಕ್ಕೊಳ್ಳೋಕಾದ್ರೆ?”

“ಆದ್ರೆ ನನ್ನ ಟ್ರಂಕು ಅಟ್ಟಕ್ಕೆ! ಆಗದಿದ್ರೆ ಇದು ಈ ಜನ್ಮದಲ್ಲಿ ಅಲ್ಲಾಡಲ್ಲ. ಯಜಮಾನರಿಗೂ ಹಳೇ ವೇಷವೇ ಗತಿ.”

ಪಂದ್ಯ ಬಿತ್ತು. ಆ ಮನೆಯಲ್ಲಿ ಕತ್ತರಿಸುವುದು ಗಂಡನ ಕೆಲಸ, ಕೂಡಿಸುವುದು ಹೆಂಡತಿಯ ಕೆಲಸ. ಟೈಲರು ಹಲ್ಲು ಕಡಿಯುತ್ತಲೇ ಕತ್ತರಿಸಿ ಕೊಟ್ಟು, ಎರಡು ಲೋಟ ಚಹಾ ಕುಡಿದು ಗೆಲುವಿಗೆ ಕಾದರು. ಹೆಂಡತಿ ವಿಶೇಷಾಂಕವನ್ನು ಮಡಿಲಲ್ಲಿಟ್ಟುಕೊಂಡು, ಪುಟ ತಿರುವುತ್ತ, ತನ್ನಷ್ಟಕ್ಕೆ ನಗುತ್ತ ಹೊಲಿದು ಮುಗಿಸಿದಳು.

“ತಗೊಳ್ಳಿ. ಈ ಪಕ್ಕದಿಂದ…”

“ಹೇಳ್ಕೊಡಬೇಡ! ಮುಖಪುಟದಲ್ಲಿ ಕತ್ತೊಂದೇ ತೆರೆದಿರೋದು. ನಾನು ಕತ್ತಿನಿಂದಲೇ ಇಳಿಯೋನು.”

ಅವಳು ಬಟ್ಟೆಯನ್ನು ಅವರ ಕೈಗೆ ಹಾಕಿದಳು.

ಟೈಲರು ಪರದೆಯ ಹಿಂದೆ ಹೋಗಿ, ಮೊಣಕಾಲಿಗೇ ಸಿಕ್ಕಿಕೊಳ್ಳುತ್ತದೆಂಬ ಭರವಸೆಯಿಂದ ಒಂದು ಕಾಲು ಇಳಿಸಿದರು. ಹಾಳು ಬಟ್ಟೆ ಹಿಗ್ಗಿತು. ಇನ್ನೊಂದು ಕಾಲಿಗೂ ಹಿಗ್ಗಿತು. ಹೊಟ್ಟೆಯ ಹತ್ತಿರ ನಿಂತೇ ನಿಲ್ಲುತ್ತದೆಂದುಕೊಂಡರು. ಅಲ್ಲೂ ನಂಬಿಕೆದ್ರೋಹ ಮಾಡಿತು. ನೋಡನೋಡುತ್ತ ಟೈಲರು ಕತ್ತಿನ ತನಕ ಸಿಡಿಲಣ್ಣನಾಗಿಬಿಟ್ಟರು!

“ಆಯ್ತಲ್ಲ? ಟ್ರಂಕು ಅಟ್ಟಕ್ಕೆ” ಎಂದಳು ಹೆಂಡತಿ.

“ತಡಿಯೇ! ಹಾಕ್ಕೊಳ್ಳೋದು ಅಂದ್ರೆ ಬಿಚ್ಚೋದೂ ಸೇರಿ!” ಎಂದು ಕತ್ತಿನ ಅಂಚು ಹಿಡಿದು ಎಳೆದರು. ಭುಜದ ಹತ್ತಿರ ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಬಗ್ಗಿದರು, ಕುಪ್ಪಳಿಸಿದರು, ಗೋಡೆಗೆ ಬೆನ್ನುಜ್ಜಿದರು. ಬಟ್ಟೆ ಚರ್ಮವಾಗಿ ಕೂತಿತ್ತು. ಸುಸ್ತಾಗಿ ಸ್ಟೂಲಿನ ಮೇಲೆ ಕುಸಿದವರ ಮುಖ ಇದ್ದಕ್ಕಿದ್ದಂತೆ ಅರಳಿತು. “ಬಿಚ್ಚೋಕಾಗಲ್ಲ! ಗೆದ್ದೆ! ನೋಡು, ನಾನೇ ಗೆದ್ದೆ!”

“ಸರಿ ಬಿಡಿ, ಗೆದ್ರಲ್ಲ,” ಎಂದು ಅವಳು ಯಾರದೋ ಲಂಗದ ಅಂಚು ಹೊಲಿಯಲು ಕೂತಳು.

ಗೆಲುವಿನ ಸುಖ ಸ್ವಲ್ಪ ಹೊತ್ತು ಇತ್ತು. ಆಮೇಲೆ ಎರಡು ಲೋಟ ಚಹಾ ತಮ್ಮ ಪಾಲಿನ ಮಾತು ಶುರುಮಾಡಿದವು.

“ಏನೇ…”

“ಏನ್ರೀ?”

“ಬಿಡಿಸ್ತೀಯಾ? ಹಿತ್ತಿಲಿಗೆ ಹೋಗ್ಬೇಕು.”

“ನಾನು ಬಿಡಿಸಿದ್ರೆ ಬಿಚ್ಚೋಕಾಗುತ್ತೆ ಅಂತಾಯ್ತು, ನೀವು ಸೋತ್ರಿ. ಬಿಡಿಸದಿದ್ರೆ ನೀವೇ ಗೆದ್ದ ಹಾಗೆ. ಯಾವುದು ಬೇಕು?”

“ಕತ್ತರಿ ತಗೊಂಡು ಕತ್ತರಿಸಿಬಿಡು!”

“ಯಜಮಾನರು ಬರೋ ಹೊತ್ತು. ಬೇರೆ ಬಟ್ಟೆ ಎಲ್ಲಿದೆ?” ಹೊಲಿಗೆ ನಿಲ್ಲಿಸದೆ ಅವಳೆಂದಳು. “ಅಲ್ಲಾ ರೀ, ಹಳೇ ವಿಶೇಷಾಂಕ ಅಷ್ಟೂ ನಿಮಗೆ ಬಾಯಿಪಾಠ. ಈ ಹೊಸದನ್ನ ಒಂದ್ಸಲವಾದ್ರೂ ತೆರೆದು ನೋಡಿದ್ರಾ?”

“ಮುಖಪುಟ ನೋಡಿದ್ದು ಸಾಲ್ದಾ?”

“ಸಾಲ್ದು. ಒಳಗೆ ಸಿಡಿಲಣ್ಣನ ಹೆಂಡತಿ ಅವನ ವೇಷಕ್ಕೆ ಕಂಕುಳಿಂದ ಸೊಂಟದವರೆಗೆ ಜಿಪ್ಪು ಹಚ್ತಾಳೆ. ಮುಖಪುಟದಲ್ಲಿ ತೋಳಿನ ಮರೆಯಲ್ಲಿ ಅದು ಕಾಣಲ್ಲ. ‘ಲೋಕ ಕಾಪಾಡೋನಿಗೂ ಬಚ್ಚಲಿಗೆ ಹೋಗೋದಿರುತ್ತಲ್ಲ’ ಅಂತಾಳೆ. ಎಷ್ಟು ಚೆನ್ನಾಗಿ ಬರೆದಿದಾರೆ! ನಾನೂ ಹಂಗೇ ಹಚ್ಚಿದೀನಿ. ಹೇಳೋಕೆ ಬಂದ್ರೆ ನೀವು ಬಿಡ್ಲಿಲ್ಲ.”

ಟೈಲರು ಕಂಕುಳು ತಡಕಿದರು. ಜಿಪ್ಪಿನ ತಲೆ ಬೆನ್ನಿನ ಕಡೆಗಿತ್ತು. ಅವರ ಕೈಗೆ ಎಟುಕುವಂತಿರಲಿಲ್ಲ. ಮಾನ ಒಂದು ಕಡೆ, ಚಹಾ ಒಂದು ಕಡೆ. ಟೈಲರು ಎದ್ದು ನಿಂತರು, ಕಾಲಿಗೆ ಕಾಲು ಹೊಸೆದರು, ಕೊನೆಗೆ ಕಣ್ಣು ಮುಚ್ಚಿ, ಇಡೀ ಬೀದಿಗೆ ಕೇಳುವಂತೆ ಕೂಗಿದರು:

“ಹೊಸದೇ ಚೆನ್ನಾಗಿದೆ ಕಣೇ! ಹಳೇದು ಇದರ ಮುಂದೆ ಏನೇನೂ ಅಲ್ಲ! ಸಾಕಾ?”

“ಭೇಷ್!” ಎಂದಿತು ಬಾಗಿಲಿನಿಂದ ಒಂದು ದನಿ. ಪುಸ್ತಕದಂಗಡಿಯ ಯಜಮಾನರು ಚಪ್ಪಾಳೆ ತಟ್ಟುತ್ತ ನಿಂತಿದ್ದರು. “ನಮ್ಮ ಹುಡುಗ ಇಷ್ಟು ಆವೇಶದಿಂದ ಹೇಳೋದುಂಟಾ? ನಾಳೆ ಬಾಗಿಲಲ್ಲಿ ನೀವೇ ನಿಲ್ಬೇಕು ಟೈಲರ್ರೇ. ಇದೇ ವೇಷ, ಇದೇ ಮಾತು!”

ಟೈಲರು ಬೇಡವೆನ್ನು ಎಂಬಂತೆ ಹೆಂಡತಿಯ ಕಡೆ ನೋಡಿದರು.

“ಅದಕ್ಕೇನಂತೆ, ಟ್ರಂಕು ಅಟ್ಟಕ್ಕೆ ಹಾಕಿ ಬರ್ತಾರೆ,” ಎಂದು ಅವಳು ನಿಧಾನವಾಗಿ ಎದ್ದು ಬಂದು ಜಿಪ್ಪು ಎಳೆದಳು.

ಆಗ ಟೈಲರು ಹಿತ್ತಿಲ ಕಡೆಗೆ ಹಾರಿದ ವೇಗವಿದೆಯಲ್ಲ, ಅದು ಹಳೆಯ ಯಾವ ವಿಶೇಷಾಂಕದಲ್ಲೂ ಇರಲಿಲ್ಲ.