ಸಿಗಡಿ ಚಟ್ನಿಯೂ ನನ್ನ ಧೈರ್ಯದ ಭಾಷಣವೂ

ಇನ್ನೊಬ್ಬರಿಗೆ ಧೈರ್ಯ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಕುಂದಾಪುರದಲ್ಲಿ ಯಾರೂ ಇರಲಿಕ್ಕಿಲ್ಲ. ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಕ್ಷೇಮ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಜೊತೆಯವರ ನಡುವೆ ಅಳುಕಿಲ್ಲದೆ ಇರಬಲ್ಲವರಿಗೇ ಬದುಕಿನಲ್ಲಿ ತೃಪ್ತಿ ಎಂದು ಮೈಕ್ ಹಿಡಿದು ಗಂಟಲು ಹರಿಯುವಂತೆ ಹೇಳುತ್ತೇನೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಊಟದ ಡಬ್ಬಿಯನ್ನು ಬಗಲಲ್ಲಿ ಅಡಗಿಸಿಕೊಂಡು ಆಟದ ಸಾಮಾನಿನ ಕೋಣೆ ಸೇರಿ, ಬಾಗಿಲು ಹಾಕಿ, ಮಡಚಿಟ್ಟ ವಾಲಿಬಾಲ್ ನೆಟ್ಟಿನ ಮೇಲೆ ಕೂತು ಉಣ್ಣುತ್ತೇನೆ.

ಕಾರಣ ಒಣ ಸಿಗಡಿ ಚಟ್ನಿ. ಅದಿಲ್ಲದೆ ಕುಚ್ಚಲಕ್ಕಿ ಅನ್ನ ನನಗೆ ಇಳಿಯುವುದಿಲ್ಲ. ಅದೋ, ಮುಚ್ಚಳ ತೆಗೆಯುವ ಮೊದಲೇ ಊರಿಗೆಲ್ಲ ಸುದ್ದಿ ಮುಟ್ಟಿಸುವಂಥದ್ದು. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂರುವ ಗಣಿತದ ಮೇಷ್ಟ್ರು ಶುದ್ಧ ಸಸ್ಯಾಹಾರಿ. ಅವರು ಇದುವರೆಗೆ ಒಂದು ಮಾತೂ ಅಂದವರಲ್ಲ. ಒಮ್ಮೆ ನಾನು ಡಬ್ಬಿ ತೆರೆದಾಗ ಎದ್ದು ಕಿಟಕಿ ತೆರೆದರು, ಅಷ್ಟೆ. ಸೆಕೆಗೂ ಇರಬಹುದು. ನಾನು ಮಾತ್ರ ಮರುದಿನವೇ ಜಾಗ ಬದಲಿಸಿದೆ.

ಮೊನ್ನೆ ಊಟದ ಹೊತ್ತಿಗೆ, ಶಿರೂರಿನಿಂದ ಬರುವ ಪ್ರತೀಕ್ಷಾ ಎಂಬ ವಿದ್ಯಾರ್ಥಿನಿ ಜಗಲಿಯ ಕೊನೆಯಲ್ಲಿ ಒಬ್ಬಳೇ ಕೂತಿದ್ದಳು. ಪಾಪ, ಜೊತೆಯಿಲ್ಲದ ಮಗು ಎಂದು ನನ್ನ ಕರುಳು ಚುರುಕ್ಕೆಂದಿತು. ಹೋಗಿ ಭಾಷಣದ ಅರ್ಧವನ್ನು ಮತ್ತೆ ಒಪ್ಪಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಗೆಳತಿಯರು ಕೈ ತೊಳೆಯಲು ಹೋಗಿದ್ದಾರೆ ಎಂದಳು. ಆಮೇಲೆ ನನ್ನ ಬಗಲಲ್ಲಿದ್ದ ಡಬ್ಬಿ ನೋಡಿ, "ನೀವ್ ದಿನಾ ಒಬ್ರೇ ಬಾಗ್ಲ್ ಹಾಯ್ಕಂಡ್ ಉಂಬುದ್ ಎಂತಕ್ಕೆ ಸರ್? ನಮ್ಮೊಟ್ಟಿಗೆ ಕೂಕಣಿ" ಎಂದಳು.

ನಾಚಿಕೆಯಾಯಿತು, ಆದರೂ ಕೂತೆ. ಗೆಳತಿಯರು ಬಂದರು. ಒಬ್ಬಳ ತೊಂಡೆಕಾಯಿ ಪಲ್ಯ, ಇನ್ನೊಬ್ಬಳ ಬಂಗುಡೆ ಸಾರು, ಯಾರನ್ನೂ ಕೇಳದೆ ಡಬ್ಬಿಯಿಂದ ಡಬ್ಬಿಗೆ ಹೋದವು. ನನ್ನ ಚಟ್ನಿಯೂ ನಡುವೆ ಬಂತು. ಎಷ್ಟೋ ದಿನಗಳ ಮೇಲೆ ಊಟ ರುಚಿಸಿತು. ಅಷ್ಟರಲ್ಲಿ ಗಣಿತದ ಮೇಷ್ಟ್ರು ಆ ಕಡೆ ಬಂದು, ಇವತ್ತು ಏನು ವಿಶೇಷ ಎಂದು ಕೇಳಿದರು. ನನ್ನ ಕೈ ತಾನಾಗಿಯೇ ಡಬ್ಬಿಯನ್ನು ಪ್ರತೀಕ್ಷಾಳ ಕಡೆ ತಳ್ಳಿತು. "ಮಕ್ಕಳದ್ದು" ಎಂದಿತು ಬಾಯಿ.

ಅವಳು ನನ್ನನ್ನು ಒಮ್ಮೆ ನೋಡಿದಳು. "ಹೌದ್ ಸರ್, ನಮ್ದೇ" ಎಂದು ಡಬ್ಬಿಯನ್ನು ಹತ್ತಿರ ಎಳೆದುಕೊಂಡಳು. ಮೇಷ್ಟ್ರು ನಕ್ಕು ಹೋದರು. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆದದ್ದಿಲ್ಲ.

ಮರುದಿನ ಮತ್ತೆ ವಾಲಿಬಾಲ್ ನೆಟ್ಟಿಗೇ ಮರಳಿದ್ದೆ. ಯಾರೋ ಬಾಗಿಲು ಬಡಿದರು, ತೆರೆದೆ. ಪ್ರತೀಕ್ಷಾ ನಿಂತಿದ್ದಳು. "ಬನ್ನಿ ಸರ್, ಹೆದ್ರ್‌ಬೇಡಿ. ಯಾರ್ ಕೇಂಡ್ರೂ ನಮ್ದೇ ಅಂತ್ ಹೇಳ್ತೊ."

ವಿದ್ಯಾರ್ಥಿಗಳ ಕ್ಷೇಮ ನೋಡಿಕೊಳ್ಳುವ ನಾನು ತಲೆ ತಗ್ಗಿಸಿ ಅವಳ ಹಿಂದೆ ನಡೆದೆ. ಡಬ್ಬಿಯನ್ನು ಅವಳ ಕೈಯಲ್ಲೇ ಕೊಟ್ಟಿದ್ದೆ.