ಒಂದೆಲಗದ ಚಟ್ನಿಯೂ ಕರಿಕೋಟಿನ ಮನುಷ್ಯನೂ

ಮಂಡಿ ನೋವು ಬಂದವನಿಗೆ ಮಂಡಿ ನೋಯುತ್ತದೆ. ಹಲ್ಲು ಹುಳುಕಾದವನಿಗೆ ಹಲ್ಲು ನೋಯುತ್ತದೆ. ಮರೆವು ಬಂದವನಿಗೆ ಏನು ನೋಯಬೇಕು ಹೇಳಿ. ಅದು ಬಂದಿದೆ ಎಂದು ತಿಳಿಯುವ ಅಂಗವನ್ನೇ ಅದು ಮೊದಲು ಹಿಡಿಯುತ್ತದಂತೆ. ಹಾಗಾಗಿ ಪಕ್ಕದಲ್ಲಿರುವವರು ಹೇಳಿದರೇ ಗೊತ್ತಾಗಬೇಕು. ನನ್ನ ಪಕ್ಕದಲ್ಲಿರುವವಳು ವನಜ, ನನ್ನ ಹೆಂಡತಿ. ನಿಮಗೆ ಏನೂ ನೆನಪಿರಲ್ಲ ಎಂದು ಅವಳು ಮದುವೆಯಾದ ಹೊಸದರಿಂದಲೂ ಹೇಳುತ್ತಾ ಬಂದಿರುವುದರಿಂದ, ಆಗಿನದು ಯಾವುದು, ಈಗ ಹೊಸದಾಗಿ ಬಂದದ್ದು ಯಾವುದು ಎಂದು ವಿಂಗಡಿಸುವುದು ಕಷ್ಟ. ಈ ಮಳೆಗಾಲದಲ್ಲಿ ನಾನು ಮೆಟ್ರೋದಲ್ಲಿ ಕೊಡೆ ಮರೆತು ಬಂದೆ. ಅದೇನೂ ದೊಡ್ಡದಲ್ಲ, ಕೊಡೆ ಇರುವುದೇ ಮರೆಯುವುದಕ್ಕೆ. ಆದರೆ ಮುಂದಿನ ವಾರ ಅತ್ತಿಗುಪ್ಪೆಯಲ್ಲಿ ಇಳಿಯಬೇಕಾದವನು ಇಳಿಯದೆ ಎಲ್ಲೋ ನೋಡುತ್ತಾ ಮುಂದಕ್ಕೆ ಹೋಗಿಬಿಟ್ಟೆ. ಮನೆಗೆ ಬಂದು ಮೀಟಿಂಗ್ ಇತ್ತು ಎಂದು ಸುಳ್ಳು ಹೇಳಿದೆ. ಆ ದಿನ ನನಗೆ ಮಲ್ಲತ್ತಹಳ್ಳಿಯ ದೊಡ್ಡಪ್ಪ ನೆನಪಾದರು.

ದೊಡ್ಡಪ್ಪ ಎಂದರೆ ನಮ್ಮಪ್ಪನ ಅಣ್ಣ. ಕೊನೆಗಾಲದಲ್ಲಿ ಅವರು ಬೆಳಗ್ಗೆ ಎದ್ದು ಟವೆಲ್ ಹೆಗಲ ಮೇಲೆ ಹಾಕಿಕೊಂಡು ರಾಗಿ ಹೊಲ ನೋಡಿ ಬರ್ತೀನಿ ಎಂದು ಹೊರಟುಬಿಡುತ್ತಿದ್ದರು. ಹೊಲ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದು ಎಷ್ಟೋ ಕಾಲವಾಗಿತ್ತು. ಅದರ ಗೇಟಿನ ಮುಂದೆ ನಿಂತು ಸೆಕ್ಯೂರಿಟಿಯವನಿಗೆ, "ನಮ್ಮ ಹೊಲ ಎತ್ತಗೋಯ್ತಪ್ಪ?" ಎಂದು ಕೇಳುತ್ತಿದ್ದರು. ಮೊದಮೊದಲು ನಾವು, ಪಾಪ, ಆ ಕಡೆ ಹೋದರೆ ನಮಗೇ ಗುರುತು ಸಿಗಲ್ಲ, ಅವರದೇನು ತಪ್ಪು ಎಂದುಕೊಂಡೆವು. ಆಮೇಲೆ ಒಂದು ದಿನ ನಮ್ಮಪ್ಪನನ್ನೇ ನೋಡಿ, ಯಾರ ಮನೆ ಹುಡುಗ ನೀನು ಎಂದರು. ಅಪ್ಪ ಅವತ್ತು ಊಟ ಮಾಡಲಿಲ್ಲ. ಅದು ನಮ್ಮ ವಂಶದಲ್ಲಿ ಓಡಾಡುತ್ತಿದೆಯೇನೋ ಎಂಬ ಭಯ ನನಗೆ ಆಗಿನಿಂದಲೂ ಇದೆ. ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಕೆಂಗೇರಿಯಲ್ಲಿರುವ ಮಗಳು ಸಿಂಧು ಫೋನ್ ಮಾಡಿದಾಗ ಮಾತ್ರ ಕೊಡೆಯ ವಿಷಯ ಹೇಳಿ, ಇತ್ತೀಚೆಗೆ ತಲೆ ಸ್ವಲ್ಪ ಮಂಕಾಗಿದೆ ಕಣೇ ಎಂದೆ. ಅವಳು ನಕ್ಕು, "ಅಪ್ಪಾ, ತಲೆಗೆ ಕೆಲಸ ಕೊಡು. ನನ್ನ ಹಳೇ ಕಂಪ್ಯೂಟರ್‌ನಲ್ಲಿ ಒಂದು ಅಡ್ವೆಂಚರ್ ಗೇಮ್ ಇದೆ. ದಿನಾ ಸ್ವಲ್ಪ ಹೊತ್ತು ಆಡು, ನೆನಪು ಹರಿತ ಆಗುತ್ತೆ" ಎಂದಳು. ಇದೇ ಆಟಗಳಿಗಾಗಿ ನಾವು ಮನೆಮಂದಿಯೆಲ್ಲ ಸೇರಿ ಅವಳನ್ನು ಬೈದದ್ದು ಒಂದೆರಡು ಸಲವಲ್ಲ. ನಾನು ಪರೀಕ್ಷೆಯ ಹೆಸರಲ್ಲಿ ಬೈಯುತ್ತಿದ್ದೆ, ವನಜ ಕಣ್ಣಿನ ಹೆಸರಲ್ಲಿ, ಅಪ್ಪ ಕರೆಂಟ್ ಬಿಲ್ಲಿನ ಹೆಸರಲ್ಲಿ. ಈಗ ಯಾವ ಮುಖ ಹೊತ್ತು ಅದರ ಮುಂದೆ ಕೂರಲಿ? ಆದ್ದರಿಂದ ಸಂಜೆ ವನಜ ಭಜನೆಗೆ ಹೋಗಿ, ಅಪ್ಪ ಪಾರ್ಕಿನ ಕಲ್ಲುಬೆಂಚಿಗೆ ಹೋದ ಮೇಲೆ, ಆಫೀಸಿನ ಲೆಕ್ಕಪತ್ರದ ಫೈಲೊಂದನ್ನು ಪಕ್ಕದಲ್ಲಿ ಬಿಚ್ಚಿಟ್ಟುಕೊಂಡು ಮಗಳ ರೂಮಿನಲ್ಲಿ ಆಡತೊಡಗಿದೆ.

ಆಟ ಹೀಗಿದೆ. ಕರಿಕೋಟು ಹಾಕಿದ ಒಬ್ಬ ಮನುಷ್ಯ ಕಾಣೆಯಾದ ತನ್ನ ಮಾವನನ್ನು ಹುಡುಕಿಕೊಂಡು ಒಂದು ಪಾಳುಬಂಗಲೆಗೆ ಬರುತ್ತಾನೆ. ಗುಂಡು ಹಾರಿಸುವುದು, ಹೊಡೆದಾಡುವುದು ಏನೂ ಇಲ್ಲ. ಸುತ್ತಾಡಬೇಕು, ಕಂಡ ವಸ್ತುಗಳನ್ನು ಎತ್ತಿ ಚೀಲಕ್ಕೆ ಹಾಕಿಕೊಳ್ಳಬೇಕು, ಎದುರಾದವರನ್ನು ಮಾತಾಡಿಸಬೇಕು, ಯಾವುದನ್ನು ಎಲ್ಲಿ ಉಪಯೋಗಿಸಿದರೆ ಬಾಗಿಲು ತೆರೆಯುತ್ತದೆ ಎಂದು ಯೋಚಿಸಬೇಕು. ಮಾತಾಡಿಸುವುದು ನನ್ನಿಂದ ಆಗುವ ಕೆಲಸವಲ್ಲ. ಗುರುತು ಪರಿಚಯ ಇಲ್ಲದವರ ಹತ್ತಿರ ಏನೆಂದು ಶುರು ಮಾಡುವುದು? ಆದರೆ ಎತ್ತಿಕೊಳ್ಳುವುದರಲ್ಲಿ ನಾನು ಹುಟ್ಟಾ ಪ್ರವೀಣ. ಒಡೆದ ಬಾಟಲಿ, ಹರಿದ ಗ್ಲೌಸು, ಅರ್ಧ ಮೇಣದಬತ್ತಿ, ಒಂದನ್ನೂ ಬಿಡಲಿಲ್ಲ. ಕರಿಕೋಟಿನವನ ಚೀಲ ನಮ್ಮ ಮನೆಯ ಅಟ್ಟದಂತಾಯಿತು. ಎಣ್ಣೆ ದೀಪಗಳನ್ನು ಒಂದೊಂದಾಗಿ ಹಚ್ಚಿ ಬಂಗಲೆಯ ಮಹಡಿಯವರೆಗೂ ಹೋದೆ. ಹಿತ್ತಲ ಗೇಟಿನ ಹತ್ತಿರ ಒಂದು ಕುದುರೆ ಅಡ್ಡ ನಿಂತಿತ್ತು. ಅಡುಗೆಮನೆಯಲ್ಲಿ ಒಂದು ಪೊಟ್ಟಣ ಸಕ್ಕರೆ ಸಿಕ್ಕಿತ್ತು. ಕುದುರೆಗೆ ಸಕ್ಕರೆ ಕೊಟ್ಟರೆ ದಾರಿ ಬಿಡುತ್ತದೆ ಎಂದು ಹೊಳೆದಾಗ ಎಷ್ಟು ಸಂತೋಷವಾಯಿತೆಂದರೆ, ನಾಳೆ ಕೊಡೋಣ ಎಂದು ಆಸೆ ಉಳಿಸಿಕೊಂಡೇ ಎದ್ದೆ.

ಮಾರನೆಯ ದಿನ ಆಟ ತೆರೆದರೆ ನನ್ನ ಮನುಷ್ಯ ಹಿತ್ತಲಲ್ಲಿ ಇಲ್ಲ. ಬಂಗಲೆಯ ಹೊರಗೆ, ಒಬ್ಬ ಮುದುಕಿಯ ಗುಡಿಸಲ ಮುಂದೆ ನಿಂತಿದ್ದಾನೆ. ಅವಳ ಕೈಯಲ್ಲಿ ಒಂದು ಎಣ್ಣೆ ತಂಬಿಗೆ. ಅಂಥ ಮುದುಕಿಯೊಬ್ಬಳು ಆ ಊರಿನಲ್ಲಿದ್ದಾಳೆಂದೇ ನನಗೆ ಗೊತ್ತಿರಲಿಲ್ಲ. ಬಂಗಲೆಗೆ ವಾಪಸ್ ಹೋದರೆ ಕಗ್ಗತ್ತಲು. ಹಚ್ಚಿದ್ದ ದೀಪ ಒಂದೂ ಉರಿಯುತ್ತಿಲ್ಲ. ತಡಕಾಡಿಕೊಂಡು ಎಲ್ಲವನ್ನೂ ಮತ್ತೆ ಹಚ್ಚಿ ಕುದುರೆಯ ಹತ್ತಿರ ಹೋಗಿ ಚೀಲ ತೆರೆದೆ. ಸಕ್ಕರೆ ಇಲ್ಲ. ಒಡೆದ ಬಾಟಲಿ ಇದೆ, ಹರಿದ ಗ್ಲೌಸು ಇದೆ, ಸಕ್ಕರೆ ಇಲ್ಲ. ಸಕ್ಕರೆ ಸಿಕ್ಕಿದ್ದು ನಿಜವೇ, ಅಥವಾ ಹಾಗೆ ಅಂದುಕೊಂಡೆನೇ? ದೀಪ ಹಚ್ಚಿದ್ದು ನಿನ್ನೆಯೇ, ಅಥವಾ ಹಚ್ಚಬೇಕು ಎಂದುಕೊಂಡು ಎದ್ದು ಬಂದೆನೇ? ನೆನಪು ಹರಿತವಾಗಲಿ ಎಂದು ಕೂತರೆ ಇದ್ದ ನೆನಪೂ ಕೈಬಿಟ್ಟಿತಲ್ಲ ಎನಿಸಿತು.

ಅಲ್ಲಿಂದ ಮುಂದೆ ದಿನಾ ಇದೇ ಕಥೆ. ನಾನು ದೀಪ ಹಚ್ಚುತ್ತೇನೆ, ಮರುದಿನ ಆರಿರುತ್ತದೆ. ನಾನು ಅವನನ್ನು ಮಹಡಿಯಲ್ಲಿ ನಿಲ್ಲಿಸಿ ಬಂದರೆ ಅವನು ಬಾವಿಕಟ್ಟೆಯಲ್ಲಿರುತ್ತಾನೆ. ಮನೆಯಲ್ಲಿ ಬೇರೆ ಯಾರಾದರೂ ಆಡುತ್ತಿರಬಹುದು ಎಂಬ ಯೋಚನೆ ಯಾಕೆ ಬರಲಿಲ್ಲ ಎಂದು ನೀವು ಕೇಳಬಹುದು. ವನಜ ಟಿವಿ ರಿಮೋಟನ್ನೇ ಅಪ್ಪನಿಗೆ ಬಿಟ್ಟುಕೊಟ್ಟವಳು. ಅಪ್ಪನಿಗೆ ಎಂಬತ್ತು ದಾಟಿದೆ. ಇವರಿಬ್ಬರ ಮೇಲೆ ಅನುಮಾನ ಪಡುವುದಕ್ಕಿಂತ ನನ್ನ ಮೇಲೆ ಪಡುವುದೇ ನ್ಯಾಯ ಎನ್ನಿಸಿತು. ಆಫೀಸಿನಲ್ಲಿ ಒಂದೇ ವೋಚರನ್ನು ಮೂರು ಮೂರು ಸಲ ನೋಡತೊಡಗಿದೆ. ಬೀಗ ಹಾಕಿ, ಎಳೆದು ನೋಡಿ, ಕ್ರಾಸ್‌ನ ಕೊನೆಯವರೆಗೂ ಹೋಗಿ ವಾಪಸ್ ಬಂದು ಮತ್ತೆ ಎಳೆದು ನೋಡುತ್ತಿದ್ದೆ.

ಆ ದಿನಗಳಲ್ಲಿ ದೇವರು ಕಣ್ಣುಬಿಟ್ಟಿದ್ದು ಒಂದೇ ವಿಷಯದಲ್ಲಿ. ನಮ್ಮ ಮನೆಯಲ್ಲಿ ಒಂದೆಲಗದ ಚಟ್ನಿ ಶುರುವಾಯಿತು. ಒಂದೆಲಗ ತಿಂದರೆ ಜ್ಞಾಪಕಶಕ್ತಿ ಹೆಚ್ಚುತ್ತದೆ ಎಂದು ನಮ್ಮಜ್ಜಿ ಪರೀಕ್ಷೆಗೆ ಮುಂಚೆ ನಮಗೆಲ್ಲ ಬಲವಂತವಾಗಿ ತಿನ್ನಿಸುತ್ತಿದ್ದಳು. ಅಪ್ಪ ವಿಜಯನಗರದ ಮಾರ್ಕೆಟ್ಟಿನಿಂದ ಅದರ ಕಟ್ಟು ತಂದು ಮಾತಿಲ್ಲದೆ ಅಡುಗೆಮನೆಯಲ್ಲಿಡುತ್ತಿದ್ದರು. ವನಜ ಮಾತಿಲ್ಲದೆ ರುಬ್ಬುತ್ತಿದ್ದಳು. ನಾನು ಮಾತಿಲ್ಲದೆ ಎರಡು ಸಲ ಹಾಕಿಸಿಕೊಳ್ಳುತ್ತಿದ್ದೆ. ದೋಸೆಗೆ ಅದೇ, ಚಪಾತಿಗೆ ಅದೇ, ಮುದ್ದೆಯ ಪಕ್ಕಕ್ಕೂ ಅದೇ. ಇವರಿಬ್ಬರಿಗೂ ನನ್ನ ಕಾಯಿಲೆ ಗೊತ್ತಾಗಿದೆ, ನನ್ನ ಮನಸ್ಸಿಗೆ ನೋವಾಗಬಾರದೆಂದು ಹೇಳದೆ ಮದ್ದು ಕೊಡುತ್ತಿದ್ದಾರೆ ಎಂದುಕೊಂಡು ಬಟ್ಟಲನ್ನೂ ಬೆರಳಲ್ಲಿ ಬಳಿದು ತಿನ್ನುತ್ತಿದ್ದೆ.

ಒಂದು ಭಾನುವಾರ ಕತ್ತಲಾದ ಮೇಲೆ ಇನ್ನು ತಡೆಯಲಾಗಲಿಲ್ಲ. ಹೇಳಿಬಿಡೋಣ, ಡಾಕ್ಟರ ಹತ್ತಿರ ಹೋಗೋದಾದರೆ ವನಜಳನ್ನು ಕರೆದುಕೊಂಡೇ ಹೋಗೋಣ ಎಂದು ನಿಶ್ಚಯಿಸಿ ಅಡುಗೆಮನೆಗೆ ಹೋಗಿ ಊಟದ ಟೇಬಲ್ಲಿನ ಮುಂದೆ ಕೂತೆ. ಪಕ್ಕದ ಮನೆಯವರು ಹೋಳಿಗೆ ಕಳಿಸಿದ್ದ ಸ್ಟೀಲ್ ಡಬ್ಬಿಯನ್ನು ವನಜ ತೊಳೆದು ಒರೆಸುತ್ತಿದ್ದಳು.

"ವನಜ, ನಿನಗೊಂದು ವಿಷಯ ಹೇಳ್ಬೇಕು."

"ಇರಿ, ಈ ಡಬ್ಬಿ ಕೊಟ್ಟು ಬಂದುಬಿಡ್ತೀನಿ. ಮನೇಲಿ ತಿಂಡಿ ಏನೂ ಇಲ್ಲ, ಖಾಲಿ ಡಬ್ಬಿ ಹೆಂಗೆ ಕೊಡೋದು" ಎಂದವಳೇ ಸಕ್ಕರೆ ಡಬ್ಬದ ಮುಚ್ಚಳ ತೆಗೆದು ನಾಲ್ಕು ಚಮಚ ಸಕ್ಕರೆ ಅದರೊಳಗೆ ಸುರಿದಳು.

ನಾನು ಆ ಸಕ್ಕರೆಯನ್ನು ನೋಡಿದೆ. ಅದನ್ನೇ ನೋಡುತ್ತಿದ್ದಾಗ ಅಪ್ಪ ಹಜಾರದಿಂದ ಬಂದು, ಬಾಗಿಲ ಪಕ್ಕದ ಸ್ವಿಚ್ಚಿಗೆ ಕೈಹಾಕಿ, ನಾನಿನ್ನೂ ಕೂತಿರುವಾಗಲೇ ತಲೆಯ ಮೇಲಿನ ಲೈಟ್ ಆರಿಸಿ, ಫ್ಯಾನ್ ಆರಿಸಿ, ಏನೂ ಆಗದವರಂತೆ ಮುಂದಕ್ಕೆ ಹೋದರು. ಅವರು ದಿನಾ ಮಾಡುವುದು ಅದನ್ನೇ. ಇದುವರೆಗೆ ಒಂದು ಸಲವೂ ನಾನು ಅದನ್ನು ಸರಿಯಾಗಿ ನೋಡಿರಲಿಲ್ಲ.

"ವನಜ," ಎಂದೆ, ಹಜಾರದಿಂದ ಬೀಳುತ್ತಿದ್ದ ಅರೆಬೆಳಕಿನಲ್ಲೇ. "ಆಟದ ಆ ಮುದುಕಿಗೆ ಎಣ್ಣೆ ತಂಬಿಗೆ ವಾಪಸ್ ಕೊಡುವಾಗ ಅದರಲ್ಲಿ ಸಕ್ಕರೆ ಹಾಕಿದ್ದು ನೀನಾ?"

ಅವಳ ಕೈಯ ಚಮಚ ನಿಂತಿತು. ಬಹಳ ಸಣ್ಣ ದನಿಯಲ್ಲಿ, "ಮತ್ತೆ ಖಾಲಿ ಕೊಡೋಕಾಗುತ್ತಾ? ಪಾಪ, ಒಂಟಿ ಹೆಂಗಸು, ಕೇಳಿದ ತಕ್ಷಣ ತಂಬಿಗೆ ತುಂಬ ಎಣ್ಣೆ ಕೊಟ್ಟಿದ್ದಾಳೆ" ಎಂದಳು.

ಆ ಆಟ ಮಾಡಿದ ಮಹಾನುಭಾವರು ಎಲ್ಲವನ್ನೂ ಯೋಚಿಸಿರಬಹುದು, ತಂಬಿಗೆ ಖಾಲಿ ಕೊಡಬಾರದು ಎಂಬವರು ಆಡುತ್ತಾರೆಂದು ಯೋಚಿಸಿರಲಿಕ್ಕಿಲ್ಲ. ಮಧ್ಯಾಹ್ನ ಅಪ್ಪ ಮಲಗಿದ ಮೇಲೆ ಇವಳು ಆಡುತ್ತಿದ್ದಳಂತೆ. ಬೆಳಗಿನ ಹಾಲು ಬರುವ ಮುಂಚೆ ಅಪ್ಪ ಆಡುತ್ತಿದ್ದರಂತೆ. ಅವರನ್ನೂ ಕರೆದು ಕೂರಿಸಿ ಕೇಳಿದಾಗ ಮೊದಲು ಕಿಟಕಿಯ ಕಡೆ ಮುಖ ತಿರುಗಿಸಿದರು. ಆಮೇಲೆ ಅವರಿಗೇ ಸಿಟ್ಟು ಬಂತು. "ಯಾರೂ ಇಲ್ಲದ ರೂಮಲ್ಲೆಲ್ಲ ದೀಪ ಉರೀತಾ ಇದ್ರೆ ನೋಡ್ಕೊಂಡು ಸುಮ್ನೆ ಬರೋಕಾಗುತ್ತೇನೋ? ಎಣ್ಣೆ ಏನು ಬಿಟ್ಟಿ ಬರುತ್ತಾ?" ಎಂದರು. ಮೂವರಿಗೂ ಹೇಳಿಕೊಟ್ಟವಳು ಸಿಂಧುವೇ. ಒಬ್ಬೊಬ್ಬರೂ ಗುಟ್ಟಾಗಿ ಅವಳ ಹತ್ತಿರ ಮರೆವಿನ ವಿಷಯ ಹೇಳಿಕೊಂಡಿದ್ದಾರೆ, ಅವಳು ಎಲ್ಲರಿಗೂ ಒಂದೇ ಮಾತ್ರೆ ಕೊಟ್ಟಿದ್ದಾಳೆ. ಹೊಸ ಆಟ ಎಂಬ ಗುಂಡಿ ಒತ್ತಿದರೆ ಏನಾದರೂ ಕೆಟ್ಟುಹೋದೀತು ಎಂದು ಮೂವರೂ ಮುಂದುವರಿಸು ಎಂಬುದನ್ನೇ ಒತ್ತುತ್ತಾ, ಒಬ್ಬನೇ ಕರಿಕೋಟಿನವನನ್ನು ದಿನಕ್ಕೆ ಮೂರು ಪಾಳಿಯಲ್ಲಿ ದುಡಿಸಿದ್ದೇವೆ.

ನಾನು ನಗಲು ಶುರುಮಾಡಿದೆ. ವನಜಳೂ ನಕ್ಕಳು. ಅಪ್ಪ ನಗಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡು, "ನಾನು ಆರಿಸಿದ ದೀಪ ಬೆಳಗ್ಗೆ ನೋಡಿದ್ರೆ ಮತ್ತೆ ಉರೀತಿರೋದು ಕಣೋ. ನಾನೇ ಹಚ್ಚಿ ಮರೆತೆನಾ ಅಂದ್ಕೊಂಡೆ. ನಮ್ಮಣ್ಣನ ಹಾದಿನೇ ಹಿಡಿದೆ, ಇನ್ನು ನಿನ್ನ ನೋಡಿ ಯಾರ ಮನೆ ಹುಡುಗ ಅಂತ ಯಾವತ್ತು ಕೇಳ್ತೀನೋ ಅಂತ ದಿನಾ ಹೆದರ್ಕೊಂಡೇ ಏಳ್ತಿದ್ದೆ" ಎಂದರು. ವನಜ ತಲೆ ತಗ್ಗಿಸಿ, "ನಾನೂ ಅಷ್ಟೇ ಮಾವ. ಸಾರಿಗೆ ಎರಡು ಸಲ ಉಪ್ಪು ಬಿದ್ದ ದಿನದಿಂದ ನಂಗೆ ನಿದ್ದೆ ಇಲ್ಲ. ನೀವು ಒಂದೆಲಗ ತಂದಿಟ್ಟಾಗ ನಂಗೋಸ್ಕರನೇ ತಂದ್ರಿ ಅಂದ್ಕೊಂಡೆ" ಎಂದಳು. "ನಂಗೋಸ್ಕರ ತಂದಿದ್ದು ಕಣಮ್ಮ" ಎಂದರು ಅಪ್ಪ. ಒಂದೇ ಸೂರಿನ ಕೆಳಗೆ, ಒಂದೇ ಬಟ್ಟಲಿನ ಚಟ್ನಿಯನ್ನು, ಮೂರು ಜನ ಒಬ್ಬರಿಗೊಬ್ಬರು ಕದ್ದು ಮದ್ದಿನಂತೆ ತಿಂದಿದ್ದೆವು. ನನಗೆ ಆ ಕ್ಷಣ ಅವರಿಬ್ಬರ ಮೇಲೂ ಎಷ್ಟು ಅಕ್ಕರೆ ಬಂತೆಂದರೆ ಎದ್ದು ಹೋಗಿ ಲೈಟ್ ಹಾಕಿದೆ. ಅಪ್ಪ ಅದನ್ನು ಆರಿಸಲಿಲ್ಲ.

ಆ ದಿನವೇ ಮೂವರೂ ಒಟ್ಟಿಗೆ ಕಂಪ್ಯೂಟರ್ ಮುಂದೆ ಕೂತೆವು. ಒಟ್ಟಿಗೆ ಆಡುವುದು ಸುಲಭ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ದೀಪ ಹಚ್ಚಲು ಹೋದರೆ ಅಪ್ಪ ಮೌಸ್ ಹಿಡಿದುಕೊಳ್ಳುತ್ತಾರೆ. ಸಕ್ಕರೆ ವಾಪಸ್ ಕೇಳೋಣ ಎಂದರೆ ವನಜ, "ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ? ಮರ್ಯಾದೆ ಬೇಡ್ವಾ?" ಎನ್ನುತ್ತಾಳೆ. "ಇವರು ನೋಡಿ ಮಾವ, ಇಷ್ಟು ದಿನ ಆಡಿದ್ದಾರೆ, ಒಬ್ಬರನ್ನಾದ್ರೂ ಮಾತಾಡಿಸಿಲ್ಲ. ದಾರಿ ತಪ್ಪಿದ್ರೂ ಬಾಯಿಬಿಟ್ಟು ಕೇಳಲ್ಲ" ಎಂದು ನನ್ನ ಮೇಲೆ ದೂರು. ಅತ್ತಿಗುಪ್ಪೆಯಲ್ಲಿ ಇಳಿಯದ ಕಥೆ ಇವಳಿಗೆ ಹೇಗೆ ಗೊತ್ತಾಯಿತು ಎಂದು ಒಂದು ಗಳಿಗೆ ಗಾಬರಿಯಾಯಿತು. ಇರಲಿ, ಹೊಸದಾಗಿ ಶುರು ಮಾಡುವ ಮುಂಚೆ ಚೀಲದಲ್ಲಿ ಏನೇನಿದೆ ನೋಡೋಣ ಎಂದು ತೆರೆದೆವು. ಯಾವುದನ್ನು ಯಾರು ಎತ್ತಿದ್ದು ಎಂದು ಒಬ್ಬೊಬ್ಬರೂ ಒಪ್ಪಿಕೊಳ್ಳುತ್ತಾ ಬಂದೆವು. ಬಾಟಲಿ, ಗ್ಲೌಸು, ಮೇಣದಬತ್ತಿ ನನ್ನವು. ಹೂವು ವನಜಳದು. ಬೀಗದಕೈ ಅಪ್ಪನದು. ಕೊನೆಯಲ್ಲಿ, ಮೂಲೆಯಲ್ಲಿ, ಒಂದು ಕೊಡೆ ಇತ್ತು.

"ಇದು ಯಾರದು?" ಎಂದರು ಅಪ್ಪ. ವನಜ ತಾನಲ್ಲ ಎಂದಳು. ಅಪ್ಪ ತಾವಲ್ಲ ಎಂದರು. ನಾನು ಆ ಕೊಡೆಯನ್ನು ಜನ್ಮದಲ್ಲಿ ನೋಡಿರಲಿಲ್ಲ, ಹಾಗೆಂದೇ ಹೇಳಿದೆ. ಸಿಕ್ಕಿದ್ದೆಲ್ಲ ಎತ್ತಿಕೊಳ್ಳುವವರು ನೀವೇ ತಾನೆ ಎಂಬ ಮಾತು ವನಜಳ ನಾಲಿಗೆಯ ತುದಿಗೆ ಬಂದದ್ದು ನನಗೆ ಸ್ಪಷ್ಟವಾಗಿ ಕಂಡಿತು. ಮದುವೆಯಾದಾಗಿನಿಂದ ಮೊದಲ ಸಲ ಅವಳು ಅದನ್ನು ನುಂಗಿಕೊಂಡಳು. ನುಂಗಿಕೊಂಡು, "ನಾನೇ ಇರ್ಬೇಕು ಬಿಡಿ" ಎಂದಳು. ಅದೇ ಹೊತ್ತಿಗೆ ಅಪ್ಪನೂ, "ನಾನೇ ಇರ್ಬೇಕು ಬಿಡಮ್ಮ" ಎಂದರು. ಇವರಿಬ್ಬರೂ ಅಷ್ಟು ಹೇಳುವಾಗ ನಾನು ಸುಮ್ಮನಿರುವುದು ಚೆನ್ನಾಗಿರಲ್ಲ ಎಂದು ನಾನೂ ಅದನ್ನೇ ಹೇಳಿದೆ. ಅವರಿಬ್ಬರು ಹೇಳಿದ್ದು ಸುಳ್ಳು ಎಂದು ನನಗೆ ಗೊತ್ತು. ನಾನು ಹೇಳಿದ್ದರ ಬಗ್ಗೆ ಮಾತ್ರ ಇನ್ನೂ ಗೊಂದಲವಿದೆ.

ಮಾರನೆಯ ದಿನ ಅಪ್ಪ ಮಾರ್ಕೆಟ್ಟಿನಿಂದ ಒಂದರ ಬದಲು ಎರಡು ಕಟ್ಟು ಒಂದೆಲಗ ತಂದರು. ಯಾರಿಗೆ ಎಂದು ಯಾರೂ ಕೇಳಲಿಲ್ಲ. ವನಜ ಬಡಿಸುವಾಗ ಚಟ್ನಿಯ ಬಟ್ಟಲನ್ನು ನನ್ನ ತಟ್ಟೆಯ ಪಕ್ಕದಲ್ಲೇ ಇಟ್ಟು ಒಳಗೆ ಹೋದಳು.